ಬಿಪಿ, ಶುಗರ್ ನೋಡೋ ಕ್ಯಾಂಪಲ್ಲಿ ಬಾಯಿ ಯಾಕೆ ನೋಡ್ಬೇಕು?

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯೋ ಕೆಲಸ) ಆಗಿದ್ದೀನಿ. ವರ್ಷಕ್ಕೊಂದು ಸಲ ಲೈನ್ ಮನೆಯವರಿಗೆ (ತೋಟದ ಸಾಲುಮನೆಗಳಲ್ಲಿರೋ ಕೆಲಸದವರಿಗೆ) ಹೆಲ್ತ್ ಕ್ಯಾಂಪ್ ಇಡ್ತೀವಿ, ಪಿಎಚ್‌ಸಿಯವರು ಬಂದು ಬಿಪಿ, ಶುಗರ್, ತೂಕ, ಕಣ್ಣು ನೋಡ್ತಾರೆ. ಈ ಸಲ ಹಲ್ಲೂ ನೋಡ್ಸೋಣ ಅಂತ ಹೇಳಿದೆ. ನಮ್ಮ ಮ್ಯಾನೇಜರ್ ಸಾಹೇಬ್ರು "ಹಲ್ಲು ನೋವಿಗೆ ಯಾರಾದ್ರೂ ಸಾಯ್ತಾರಾ, ನೋವು ಬಂದ್ರೆ ಅವರೇ ಹೋಗಿ ಕೀಳಿಸ್ಕೊಂಡು ಬರ್ತಾರೆ, ಆ ಚೇರು ಮಿಷನ್ನು ಎಲ್ಲ ಎಲ್ಲಿಂದ ತರ್ತೀರಿ" ಅಂದ್ರು. ನಂಗೆ ಏನು ಉತ್ತರ ಕೊಡ್ಬೇಕೋ ತಿಳೀಲಿಲ್ಲ. ನಿಜವಾಗ್ಲೂ ಪ್ರಯೋಜನ ಇದ್ಯಾ? ಇದ್ರೆ ಹೇಗೆ ಮಾಡೋದು?

ಉತ್ತರ: ನಮಸ್ಕಾರ ರೈಟ್ರೇ. ಪ್ರಯೋಜನ ಇದೆ, ಖಂಡಿತ ಸೇರಿಸಿ. ಒಂದೇ ಒಂದು ತಿದ್ದುಪಡಿ ಏನಂದ್ರೆ ಸಾಹೇಬ್ರ ಹತ್ರ ಮಾತಾಡುವಾಗ "ಹಲ್ಲು ನೋಡ್ಸೋಣ" ಅನ್ನಬೇಡಿ, "ಬಾಯಿ ನೋಡ್ಸೋಣ" ಅನ್ನಿ. ಹಲ್ಲು ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಹುಳುಕು, ಕೀಳೋದು, ಸೆಟ್ಟು ಕಟ್ಟೋದು ಇಷ್ಟೇ. ಆದ್ರೆ ನಿಮ್ಮ ತೋಟದಂಥ ಜಾಗದಲ್ಲಿ ನಾನು ಮೊದ್ಲು ನೋಡೋದು ಹಲ್ಲನ್ನಲ್ಲ, ಕೆನ್ನೆ ಒಳಗಡೆ, ನಾಲಿಗೆ ಪಕ್ಕ, ನಾಲಿಗೆ ಕೆಳಗಡೆ, ಆಮೇಲೆ ವಸಡು, ಕೊನೆಗೆ ಹಲ್ಲು.

ಯಾಕೆ ಅಂತ ಹೇಳೋಕೆ ಒಬ್ಬರ ವಿಷಯ ಹೇಳ್ತೀನಿ. ಕೆಲವು ವರ್ಷದ ಹಿಂದೆ ಲೈನ್ ಮನೆಯಿಂದ ಒಬ್ಬರು ಬಂದಿದ್ರು, ವಯಸ್ಸು 45ರ ಆಚೆಈಚೆ, ಎಡಗಡೆ ಕೆನ್ನೆ ಊದಿತ್ತು, ಬಾಯಿ ಸರಿಯಾಗಿ ತೆರೆಯೋಕೆ ಆಗ್ತಿರಲಿಲ್ಲ, ದವಡೆ ಹಲ್ಲು ಅಲ್ಲಾಡ್ತಿದೆ ಕಿತ್ತುಬಿಡಿ ಸಾಕು ಅಂತ ಬಂದಿದ್ದು. ಟಾರ್ಚ್ ಹಾಕಿ ನೋಡಿದ್ರೆ ಹಲ್ಲಿನ ತೊಂದ್ರೆ ಅಲ್ಲವೇ ಅಲ್ಲ, ಕೆನ್ನೆ ಒಳಗೆ ಹೂಕೋಸಿನ ತರ ಗಡ್ಡೆ ಬೆಳೆದಿದೆ, ಅದು ಒಸಡಿಗೂ ಹಬ್ಬಿ ಹಲ್ಲು ಸಡಿಲ ಆಗಿದೆ, ಕತ್ತಲ್ಲೂ ಗಂಟು ಸಿಗ್ತಿದೆ. ಅವರ ಷರ್ಟ್ ಜೇಬಲ್ಲಿ ಪ್ಲಾಸ್ಟಿಕ್ ಕವರಲ್ಲಿ ಹಾಕಿಟ್ಟಿದ್ದ ಒಂದು ಕಾರ್ಡ್ ಇತ್ತು, ಅದರಲ್ಲಿ ಎರಡು ವರ್ಷದ ಕ್ಯಾಂಪಿನ ಬಿಪಿ, ಶುಗರ್, ತೂಕ ಎಲ್ಲ ನೀಟಾಗಿ ಬರೆದಿದ್ರು. ಜೊತೆಗೆ ಬಂದಿದ್ದ ಹೆಂಡತಿ ಹೇಳಿದ್ದು ಇಷ್ಟು: "ಅಲ್ಲಿ ಬೆಳ್ಳಗೆ ಇದ್ದದ್ದು ತುಂಬ ದಿನದಿಂದ ಗೊತ್ತಿತ್ತು ಮೇಡಂ, ಎಲೆ ಹಾಕಿ ಸುಣ್ಣಕ್ಕೆ ಬೆಂದಿರ್ಬೇಕು ಅಂದ್ಕೊಂಡ್ವಿ, ನೋವೇ ಇರಲಿಲ್ಲವಲ್ಲ." ಎರಡು ಸಲ ಆ ಮನುಷ್ಯ ಕ್ಯಾಂಪಿಗೆ ಬಂದು ಕುರ್ಚಿ ಮೇಲೆ ಕೂತು ಕೈ ಚಾಚಿದ್ರು. ಒಂದು ಸಲ ಆದ್ರೂ ಯಾರಾದ್ರೂ ಬಾಯಿ ತೆರೀರಿ ಅಂದಿದ್ರೆ ಆ ಬಿಳಿ ಮಚ್ಚೆ ಹೊತ್ತಲ್ಲೇ ಕಣ್ಣಿಗೆ ಬೀಳ್ತಿತ್ತೋ ಏನೋ. ಅವತ್ತಿನಿಂದ ನಾನು ಈ ವಿಷಯದಲ್ಲಿ ಸುಮ್ಮನಿರೋಕೆ ಆಗಿಲ್ಲ.

ಸಾಹೇಬ್ರ ಮಾತಿಗೆ ಮೊದಲ ಉತ್ತರ ಇದೇ. "ನೋವು ಬಂದ್ರೆ ಹೋಗ್ತಾರೆ" ಅನ್ನೋ ಲೆಕ್ಕ ಬಾಯಿ ವಿಷಯದಲ್ಲಿ ನಡೆಯಲ್ಲ, ಯಾಕಂದ್ರೆ ಇಲ್ಲಿ ಕೆಟ್ಟ ಕಾಯಿಲೆಗಳು ಸಾಮಾನ್ಯವಾಗಿ ಶುರುವಲ್ಲಿ ನೋಯೋದೇ ಇಲ್ಲ. ಬಿಳಿ ಮಚ್ಚೆ ನೋಯಲ್ಲ, ಕೆಂಪು ಮಚ್ಚೆ ನೋಯಲ್ಲ (ಕೆಂಪು ಮಚ್ಚೆ ಬಿಳಿಗಿಂತ ಅಪಾಯ), ವಸಡು ಕರಗಿ ಮೂಳೆ ಇಳಿಯುವಾಗ್ಲೂ ನೋಯಲ್ಲ, ಹುಳುಕು ನರ ಮುಟ್ಟೋವರೆಗೂ ನೋಯಲ್ಲ. ಬಿಪಿಯೂ ಹಾಗೇ ತಾನೇ? ತಲೆ ಸುತ್ತು ಬಂದ ಮೇಲೆ ಬನ್ನಿ ಅಂತ ಯಾರೂ ಹೇಳಲ್ಲ, ಏನೂ ಇಲ್ಲದವರಿಗೂ ಪಟ್ಟಿ ಕಟ್ಟಿ ನೋಡ್ತೀವಿ. ಆ ನ್ಯಾಯ ಬಾಯಿಗೂ ಸಲ್ಲಬೇಕು.

ನಮ್ಮ ಕೊಡಗಿನ ತೋಟಗಳಲ್ಲಿ ಎಲೆಅಡಿಕೆ ಎಷ್ಟಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆ, ಚಳಿ, ಜಿಗಣೆ, ಹಸಿವು, ಇದೆಲ್ಲದರ ಮಧ್ಯೆ ಕೆಲಸ ಮಾಡೋರು ಬಾಯಿಗೆ ಏನಾದ್ರೂ ಹಾಕ್ಕೊಳ್ತಾರೆ, ನಾನು ಅವರನ್ನ ಬೈಯೋಕೆ ಹೋಗಲ್ಲ, ಬೈದ್ರೆ ಮುಂದಿನ ಸಲ ಬಾಯಿ ತೋರ್ಸೋದೇ ಇಲ್ಲ. ಆದ್ರೆ ಒಂದು ತಪ್ಪು ತಿಳುವಳಿಕೆ ಮಾತ್ರ ತಿದ್ದಲೇಬೇಕು. "ನಾನು ಹೊಗೆಸೊಪ್ಪು ಹಾಕಲ್ಲ ಮೇಡಂ, ಬರೀ ಎಲೆ ಅಡಿಕೆ" ಅಂತ ತುಂಬ ಜನ, ಅದರಲ್ಲೂ ಹೆಂಗಸರು, ಧೈರ್ಯವಾಗಿ ಹೇಳ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಇಲ್ಲದ ಎಲೆಅಡಿಕೆನೂ ಅದರಲ್ಲೇ ಇದೆ. ತಂಬಾಕು ಸೇರಿದ್ರೆ ಇನ್ನೂ ಜಾಸ್ತಿ, ಕುಡಿತಾನೂ ಸೇರಿದ್ರೆ ಇನ್ನೂ ಇನ್ನೂ ಜಾಸ್ತಿ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲಿ ಬ್ಯಾನ್ ಆಯ್ತು ಅಂತಾರೆ, ಆದ್ರೆ ಪಾನ್ ಮಸಾಲ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟು ಅಂತ ಎರಡೂ ತಗೊಂಡು ಅಂಗೈಯಲ್ಲಿ ಬೆರೆಸ್ಕೊಳ್ಳೋದನ್ನ ನೀವೇ ದಿನಾ ನೋಡ್ತಿರ್ತೀರಿ.

ಅಡಿಕೆಯಿಂದ ಬರೋ ಇನ್ನೊಂದು ತೊಂದರೆ ಇದೆ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತೀವಿ ನಾವು. ಕೆನ್ನೆ ಒಳಗಿನ ಮೆತ್ತನೆ ಚರ್ಮ ನಿಧಾನಕ್ಕೆ ನಾರು ನಾರಾಗಿ ಬಿಗಿದುಕೊಂಡು ಬಿಡುತ್ತೆ. ಮೊದಲು ಖಾರ ತಿಂದ್ರೆ ಉರಿ, ಆಮೇಲೆ ಬಾಯಿ ಒಳಗೆ ಬಿಳಚಿಕೊಳ್ಳೋದು, ಆಮೇಲೆ ಬಾಯಿ ತೆರೆಯೋದೇ ಕಮ್ಮಿ ಆಗ್ತಾ ಬಂದು ಕೊನೆಗೆ ಒಂದು ತುತ್ತು ದಪ್ಪ ರೊಟ್ಟಿ ಮುರಿದು ಇಡೋಕೂ ಕಷ್ಟ. ಇದು ಕ್ಯಾನ್ಸರ್ ಅಲ್ಲ, ಆದ್ರೆ ಇರೋರಲ್ಲಿ ಕ್ಯಾನ್ಸರ್ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಮತ್ತೆ ಒಂದು ಸಲ ಬಿಗಿದ ಮೇಲೆ ಪೂರ್ತಿ ಮೊದಲಿನ ಹಾಗೆ ಆಗಲ್ಲ. ಇದನ್ನ ಹಿಡಿಯೋಕೆ ಮಿಷನ್ನು ಬೇಡ ರೈಟ್ರೇ. ಅವರವರದೇ ಮೂರು ಬೆರಳು, ತೋರುಬೆರಳು ನಡುಬೆರಳು ಉಂಗುರಬೆರಳು, ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲಿನ ಮಧ್ಯೆ ಇಡೋಕೆ ಹೇಳಿ. ಮೂರೂ ಹೋದ್ರೆ ಸರಿ. ಎರಡೇ ಹೋಯ್ತು ಅಂದ್ರೆ ಹೆಸರು ಬರ್ಕೊಳ್ಳಿ. ನಾನು ಹೋದ ಕಡೆ ಎಲ್ಲ ಇದನ್ನ ಇಪ್ಪತ್ತರ ಆಸುಪಾಸಿನ ಹುಡುಗರ ಹತ್ರ ಮಾಡಿಸ್ತೀನಿ, ಅವರು ಒಬ್ಬರಿಗೊಬ್ಬರು ಬೆರಳು ನೋಡ್ಕೊಂಡು ನಗ್ತಿರುವಾಗ ಯಾರಾದ್ರೂ ಒಬ್ಬ ಎರಡು ಬೆರಳಿಗೇ ನಿಂತುಬಿಡ್ತಾನೆ, ಅಲ್ಲಿಗೆ ನಗು ನಿಲ್ಲುತ್ತೆ. ಅಷ್ಟು ಚಿಕ್ಕ ವಯಸ್ಸಿಗೆ ಹಾಗೆ ಆಗಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಸರಿ, ನೋಡಿದ್ರೆ ಪ್ರಾಣ ಉಳಿಯುತ್ತೆ ಅನ್ನೋಕೆ ಆಧಾರ ಏನು ಅಂತ ಸಾಹೇಬ್ರು ಕೇಳಬಹುದು, ಕೇಳಲೂ ಬೇಕು. ಆಧಾರ ನಮ್ಮ ಪಕ್ಕದ ಕೇರಳದಲ್ಲೇ ಇದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದ್ರು. 13 ಪಂಚಾಯ್ತಿ ತಗೊಂಡು ಏಳರಲ್ಲಿ 35 ವರ್ಷ ದಾಟಿದವರ ಬಾಯಿಯನ್ನ ಮೂರು ವರ್ಷಕ್ಕೊಮ್ಮೆ ಮೂರು ಸುತ್ತು ನೋಡಿದ್ರು, ಉಳಿದ ಆರರಲ್ಲಿ ಮಾಮೂಲಿ ಹೇಗೋ ಹಾಗೇ ಬಿಟ್ರು. ನೋಡಿದವರು ಹಲ್ಲಿನ ಡಾಕ್ಟ್ರಲ್ಲ, ಟ್ರೈನಿಂಗ್ ಕೊಟ್ಟಿದ್ದ ಹೆಲ್ತ್ ವರ್ಕರ್‌ಗಳು, ಬರೀ ಕಣ್ಣಲ್ಲಿ ಬೆಳಕು ಹಾಕಿ ನೋಡಿದ್ದು ಅಷ್ಟೇ. 2005ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತಂಬಾಕು ಅಥವಾ ಕುಡಿತದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನಿಂದ ಸಾಯೋರು 34 ಪರ್ಸೆಂಟ್ ಕಮ್ಮಿ ಆಗಿದ್ರು. ಯಾವ ಅಭ್ಯಾಸವೂ ಇಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ, ಇದನ್ನೂ ಮುಚ್ಚಿಡದೆ ಹೇಳಬೇಕು. ಅದಕ್ಕೇ ನಿಮ್ಮ ಕ್ಯಾಂಪಲ್ಲಿ ಟೈಮು ಸಾಲದೇ ಹೋದ್ರೆ ಎಲೆಅಡಿಕೆ, ತಂಬಾಕು, ಬೀಡಿ, ಕುಡಿತ ಇರೋರನ್ನ ಮೊದಲು ಕೂರಿಸಿ, ಮಿಕ್ಕವರು ಆಮೇಲೆ.

ಇನ್ನೊಂದು ವಿಷಯ ಕೇಳಿದ್ರೆ ಸಾಹೇಬ್ರಿಗೇ ಆಶ್ಚರ್ಯ ಆಗಬಹುದು, ನೀವು ಕೇಳ್ತಿರೋದು ಹೊಸದೇನಲ್ಲ. ಸರ್ಕಾರದ ಎನ್‌ಸಿಡಿ (ಒಬ್ಬರಿಂದ ಒಬ್ಬರಿಗೆ ಅಂಟದ ಕಾಯಿಲೆಗಳ) ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಎಲ್ರಿಗೂ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಸ್ಕ್ರೀನಿಂಗ್ ಕೂಡ ಇದೆ, ಬಾಯಿಯನ್ನ ಐದು ವರ್ಷಕ್ಕೊಮ್ಮೆ ನೋಡಬೇಕು ಅಂತ ಬರೆದಿದ್ದಾರೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ತುಂಬಿಸೋ ಫಾರಂನಲ್ಲಿ ಬಾಯಿ ತೆರೆಯೋಕೆ ಕಷ್ಟ ಇದ್ಯಾ, ಎರಡು ವಾರ ಆದ್ರೂ ವಾಸಿ ಆಗದ ಹುಣ್ಣು ಮಚ್ಚೆ ಇದ್ಯಾ, ದನಿ ಬದಲಾಗಿದ್ಯಾ ಅನ್ನೋ ಪ್ರಶ್ನೆಗಳೂ ಇವೆ. ಆದ್ರೆ ಪ್ರಶ್ನೆ ಕೇಳೋದು ಬೇರೆ, ಬಾಯಿ ತೆರೆಸಿ ನೋಡೋದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನೋರಲ್ಲಿ ಬಾಯಿ ಕ್ಯಾನ್ಸರ್‌ಗೆ ಅಂತ ಒಂದು ಸಲನಾದ್ರೂ ಬಾಯಿ ಪರೀಕ್ಷೆ ಮಾಡಿಸ್ಕೊಂಡಿರೋ ಹೆಂಗಸರು ನೂರಕ್ಕೆ 0.9, ಗಂಡಸರು 1.2. ಅಂದ್ರೆ ನೂರು ಜನರಲ್ಲಿ ಒಬ್ಬರು ಅಂತ ಇಟ್ಕೊಳ್ಳಿ. ಬಾಯಿ ಕ್ಯಾನ್ಸರ್ ಗಂಡಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋ ಕ್ಯಾನ್ಸರ್ ಆಗಿರೋ ದೇಶದ ಸ್ಥಿತಿ ಇದು. ಹಾಗಾಗಿ ನಿಮ್ಮ ಪಿಎಚ್‌ಸಿಯವರನ್ನ ಹೊಸದಾಗಿ ಒಂದು ಉಪಕಾರ ಕೇಳ್ತಿದ್ದೀನಿ ಅಂತ ಸಂಕೋಚ ಪಡಬೇಡಿ, ಕಾರ್ಯಕ್ರಮದಲ್ಲಿ ಇರೋದನ್ನೇ ಮಾಡಿಕೊಡಿ ಅಂತ ಕೇಳ್ತಿದ್ದೀರಿ.

ಓದಿಕೊಂಡವರು ಯಾರಾದ್ರೂ ಒಂದು ಆಕ್ಷೇಪ ಎತ್ತಬಹುದು. ಅಮೆರಿಕದಲ್ಲಿ ಇಂಥ ತಪಾಸಣೆಗಳ ಬಗ್ಗೆ ಸಲಹೆ ಕೊಡೋ ತಜ್ಞರ ಮಂಡಳಿ 2023ರಲ್ಲಿ, ತೊಂದರೆ ಏನೂ ಇಲ್ಲದ ದೊಡ್ಡವರ ಹಲ್ಲು ವಸಡನ್ನ ಸಾಮಾನ್ಯ ಡಾಕ್ಟರ ಹತ್ರ ಸ್ಕ್ರೀನ್ ಮಾಡೋದರಿಂದ ಲಾಭ ಇದೆ ಅಥವಾ ಇಲ್ಲ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ ಅಂತ ಹೇಳಿದೆ, ಅದು ನಿಜ. ಆದ್ರೆ ಪುರಾವೆ ಸಾಲದು ಅನ್ನೋದು ಬೇರೆ, ಪ್ರಯೋಜನ ಇಲ್ಲ ಅನ್ನೋದು ಬೇರೆ. ಅಲ್ಲಿನ ಜನರ ಬಾಯಿ ಬೇರೆ, ದಿನಕ್ಕೆ ಎಂಟು ಹತ್ತು ಸಲ ಎಲೆ ಹಾಕೋ ನಮ್ಮ ಜನರ ಬಾಯಿ ಬೇರೆ, ಕ್ಯಾನ್ಸರ್ ವಿಷಯದಲ್ಲಿ ನಮ್ಮಂಥ ಊರಿನಲ್ಲೇ ಮಾಡಿದ ಅಧ್ಯಯನ ನಮ್ಮ ಕೈಯಲ್ಲಿದೆ. ಹುಳುಕಿನ ವಿಷಯದಲ್ಲಿ ನಾನೂ ಒಪ್ಪಿಕೊಳ್ತೀನಿ, ಬರೀ ನೋಡಿ ಎಣಿಸಿ ಬರ್ಕೊಂಡು ಹೋದ್ರೆ ಯಾರಿಗೂ ಏನೂ ಆಗಲ್ಲ, ಮುಂದಿನ ಹೆಜ್ಜೆ ಇದ್ರೆ ಮಾತ್ರ ಅರ್ಥ. ಅದಕ್ಕೆ ಕೆಳಗೆ ಬರ್ತೀನಿ.

ಈಗ ಶುಗರ್ ವಿಷಯ. ನಿಮ್ಮ ಕ್ಯಾಂಪಲ್ಲಿ ಶುಗರ್ ನೋಡ್ತಾರಲ್ಲ, ಅದೇ ಸಾಲಲ್ಲಿ ವಸಡನ್ನೂ ನೋಡೋಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಶುಗರ್ ಇರೋರಿಗೆ ವಸಡಿನ ಕಾಯಿಲೆ ಬರೋ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ, ವಸಡಲ್ಲಿ ಕೀವು ಇದ್ರೆ ಶುಗರ್ ಹಿಡಿತಕ್ಕೆ ಬರೋದು ಕಷ್ಟ, ಎರಡೂ ಒಂದನ್ನೊಂದು ಎಳೆದಾಡ್ತವೆ. ಹಲ್ಲಿಗೆ ಕಟ್ಟಿರೋ ಗಾರೆ ತೆಗೆದು ವಸಡಿನ ಆಳದಲ್ಲಿ ಸರಿಯಾಗಿ ಕ್ಲೀನ್ ಮಾಡಿದ್ರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಶುಗರ್ ಹೇಗಿತ್ತು ಅಂತ ತೋರ್ಸೋ ಟೆಸ್ಟ್) ಸರಾಸರಿ 0.4ರಷ್ಟು ಇಳಿಯುತ್ತೆ ಅಂತ ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ 2022ರ ವರದಿಯೊಂದು ಹೇಳುತ್ತೆ. 0.4 ಅಂದ್ರೆ ಏನು ಮಹಾ ಅನ್ನಿಸಬಹುದು, ಆದ್ರೆ ಮಾತ್ರೆ ತಿಂದೂ ಶುಗರ್ ಇಳೀದೆ ಪರದಾಡೋರಿಗೆ ಅದು ಸಣ್ಣದಲ್ಲ. ಉಲ್ಟಾನೂ ಆಗುತ್ತೆ, ಹಲ್ಲು ಅಲ್ಲಾಡ್ತಿದೆ ವಸಡಲ್ಲಿ ರಕ್ತ ಅಂತ ನನ್ನ ಹತ್ರ ಬಂದವರಿಗೆ ಶುಗರ್ ಟೆಸ್ಟ್ ಮಾಡಿಸಿದಾಗ ಅವತ್ತೇ ಮೊದಲ ಸಲ ಶುಗರ್ ಇರೋದು ಗೊತ್ತಾದದ್ದು ಎಷ್ಟೋ ಸಲ.

ಬಿಪಿಗೂ ನಂಟಿದೆ. ಪಿಎಚ್‌ಸಿಗಳಲ್ಲಿ ತುಂಬ ಜನಕ್ಕೆ ಕೊಡೋ ಬಿಪಿ ಮಾತ್ರೆ ಆಮ್ಲೋಡಿಪಿನ್, ಒಳ್ಳೆ ಮಾತ್ರೆ, ಆದ್ರೆ ಕೆಲವರಿಗೆ ಅದರಿಂದ ವಸಡು ದಪ್ಪ ಆಗಿ ಹಲ್ಲಿನ ಮೇಲೆ ಬೆಳೆದುಕೊಂಡು ಬರುತ್ತೆ. ಆಗ ಅವರು ಭಯ ಬಿದ್ದು ಮಾತ್ರೆನೇ ಬಿಟ್ಟುಬಿಡೋ ಅಪಾಯ ಇದೆ, ನೋಡಿದವರು ಒಂದು ಮಾತು ಹೇಳಿದ್ರೆ ಡಾಕ್ಟ್ರು ಮಾತ್ರೆ ಬದಲಾಯಿಸಿ ಕೊಡ್ತಾರೆ, ಬಿಪಿನೂ ಹಿಡಿತದಲ್ಲಿರುತ್ತೆ. ಇನ್ನು ಹಲ್ಲು ನೋವಿಗೆ ಅಂಗಡಿಯಿಂದ ಬಿಡಿ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗೋರು ಲೈನ್ ಮನೆಗಳಲ್ಲಿ ಎಷ್ಟು ಜನ ಇಲ್ಲ. ಡೈಕ್ಲೋಫಿನಾಕ್ ತರದ ನೋವಿನ ಮಾತ್ರೆ ಹೊಟ್ಟೆ ಸುಡುತ್ತೆ, ಕಿಡ್ನಿಗೆ ಪೆಟ್ಟು, ಬಿಪಿ ಏರಿಸುತ್ತೆ. ಒಂದು ಹುಳುಕು ಹಲ್ಲಿಗೆ ದಾರಿ ತೋರ್ಸದೇ ಇದ್ದದ್ದಕ್ಕೆ ಕಿಡ್ನಿ ಹಾಳು ಮಾಡ್ಕೊಳ್ಳೋದು ಯಾವ ನ್ಯಾಯ? ನೋವಿರೋ ಹಲ್ಲಿಗೆ ಹೊಗೆಸೊಪ್ಪು ಒತ್ತಿಟ್ಟುಕೊಳ್ಳೋರೂ ಇದ್ದಾರೆ, ನೋವು ಮರಗಟ್ಟುತ್ತೆ ಅಂತ ಶುರು ಮಾಡಿದ್ದು ಆಮೇಲೆ ಹಲ್ಲು ಕೀಳಿಸಿದ ಮೇಲೂ ಬಿಡಲ್ಲ, ಚಟ ಹತ್ತಿರುತ್ತೆ.

"ಹಲ್ಲು ನೋವಿಗೆ ಯಾರಾದ್ರೂ ಸಾಯ್ತಾರಾ" ಅಂದ್ರಲ್ಲ, ಅಪರೂಪಕ್ಕೆ ಸಾಯ್ತಾರೆ. ಕೆಳಗಿನ ದವಡೆ ಹಲ್ಲಿನ ಕೀವು ನಾಲಿಗೆ ಕೆಳಗೆ, ಗದ್ದದ ಕೆಳಗೆ ಎರಡೂ ಕಡೆ ಇಳಿದ್ರೆ ಕತ್ತು ಕಲ್ಲಿನ ಹಾಗೆ ಊದಿ ನಾಲಿಗೆ ಮೇಲಕ್ಕೆ ಎದ್ದು ಉಸಿರೇ ಕಟ್ಟುತ್ತೆ, ಶುಗರ್ ಹಿಡಿತದಲ್ಲಿ ಇಲ್ಲದವರಿಗೆ ಇದು ಬೇಗ ಏರುತ್ತೆ. ಗದ್ದದ ಕೆಳಗೆ ಊತ, ಜ್ವರ, ನುಂಗೋಕೆ ಕಷ್ಟ, ಜೊಲ್ಲು ಸುರಿಯೋದು, ಇಷ್ಟು ಕಂಡ್ರೆ ನಾಳೆ ನೋಡೋಣ ಅನ್ನಬೇಡಿ, ಜೀಪೋ ಆಂಬುಲೆನ್ಸೋ ಯಾವುದು ಸಿಗುತ್ತೋ ಅದರಲ್ಲಿ ರಾತ್ರೋರಾತ್ರಿ ದೊಡ್ಡಾಸ್ಪತ್ರೆಗೆ.

ಮಕ್ಕಳ ವಿಷಯಕ್ಕೆ ಬಂದ್ರೆ, ಲೈನ್ ಮನೆ ಮಕ್ಕಳನ್ನೂ ಹತ್ತಿರದಲ್ಲಿ ಹಾಡಿ (ಆದಿವಾಸಿಗಳ ಕೇರಿ) ಇದ್ರೆ ಅಲ್ಲಿನ ಮಕ್ಕಳನ್ನೂ ಅವತ್ತು ಕರೆಸಿ ಅಂತ ಕೈಮುಗಿದು ಕೇಳ್ತೀನಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಬರಬೇಕು, 2013ರಿಂದ ಇರೋ ಕಾರ್ಯಕ್ರಮ, ಅವರ ಪಟ್ಟಿಯಲ್ಲಿ ಹಲ್ಲಿನ ತೊಂದರೆನೂ ಇದೆ. ಆದ್ರೆ ಕಾಫಿ ಕುಯ್ಲಿಗೆ ಅಂತ ಹೊರಗಿಂದ ಬಂದು ಮೂರು ತಿಂಗಳು ಇದ್ದು ಹೋಗೋ ಕುಟುಂಬದ ಮಕ್ಕಳು ಎಷ್ಟೋ ಸಲ ಯಾವ ಶಾಲೆ ಹಾಜರಿಯಲ್ಲೂ ಇರಲ್ಲ, ತಂಡ ಬಂದ್ರೂ ಅವರು ತಪ್ಪಿಹೋಗ್ತಾರೆ. ನಿಮ್ಮ ಕ್ಯಾಂಪಿಗೆ ಮಾತ್ರ ಅವರು ಸಿಗ್ತಾರೆ.

"ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ" ಅಂತ ಅಮ್ಮಂದಿರು ಹೇಳ್ತಾರೆ, ಅದರಲ್ಲಿ ಒಂದು ದೊಡ್ಡ ಮೋಸ ಅಡಗಿದೆ. ಮಗುಗೆ ಸುಮಾರು ಆರು ವರ್ಷ ಆದಾಗ ಹಾಲುಹಲ್ಲುಗಳ ಹಿಂದೆ, ಎಲ್ಲಕ್ಕಿಂತ ಕೊನೆಗೆ, ಮೇಲೆ ಎರಡು ಕೆಳಗೆ ಎರಡು ದವಡೆ ಹಲ್ಲು ಬರುತ್ತೆ. ಅದಕ್ಕೆ ಜಾಗ ಮಾಡೋಕೆ ಯಾವ ಹಲ್ಲೂ ಬಿದ್ದಿರಲ್ಲ, ಹಾಗಾಗಿ ಅದೂ ಹಾಲುಹಲ್ಲೇ ಅಂತ ಎಲ್ರೂ ಅಂದ್ಕೊಳ್ತಾರೆ. ಅಲ್ಲ, ಅದು ಜೀವಮಾನಕ್ಕೆಲ್ಲ ಇರೋ ಹಲ್ಲು, ಅಗಿಯೋ ಭಾರ ಹೊರೋ ಮುಖ್ಯ ಹಲ್ಲು. ಎಂಟು ಹತ್ತು ವರ್ಷಕ್ಕೇ ಅದು ತೂತು ಬಿದ್ದು, ಹದಿಮೂರಕ್ಕೆ ಕೀಳಿಸ್ಕೊಂಡು, ಉಳಿದ ಬದುಕೆಲ್ಲ ಒಂದೇ ಕಡೆ ಅಗಿಯೋ ಮಕ್ಕಳನ್ನ ನಾನು ಎಷ್ಟು ನೋಡಿದ್ದೀನೋ. ಆ ನಾಲ್ಕು ಹಲ್ಲನ್ನ ಹೊತ್ತಿಗೆ ಸರಿಯಾಗಿ ನೋಡಿ ಗುಂಡಿಗಳನ್ನ ಸೀಲಂಟ್ ಅನ್ನೋ ತೆಳು ಲೇಪ ಹಾಕಿ ಮುಚ್ಚಿದ್ರೆ ಹುಳುಕು ಹಿಡಿಯೋದನ್ನ ಬಹಳ ಮಟ್ಟಿಗೆ ತಡೀಬಹುದು. ಈಗಾಗಲೇ ಹುಳುಕು ಆಗಿದ್ರೂ ಎಲ್ಲದಕ್ಕೂ ಡ್ರಿಲ್ ಬೇಕಂತಿಲ್ಲ, ಸಿಲ್ವರ್ ಡಯಮೈನ್ ಫ್ಲೋರೈಡ್ ಅಂತ ಒಂದು ದ್ರವ ಇದೆ, ಒಂದು ಹನಿ ಬ್ರಷ್‌ನಲ್ಲಿ ಹಚ್ಚಿದ್ರೆ ಹುಳುಕು ಅಲ್ಲೇ ನಿಲ್ಲೋ ಸಾಧ್ಯತೆ ಚೆನ್ನಾಗಿದೆ, ಆ ಜಾಗ ಕಪ್ಪಾಗುತ್ತೆ ಅದೊಂದೇ ತೊಡಕು, ಅದನ್ನ ಮೊದಲೇ ಅಪ್ಪ ಅಮ್ಮಂಗೆ ಹೇಳಿ ಒಪ್ಪಿಗೆ ತಗೋಬೇಕು. ಇದನ್ನೂ, ಕರೆಂಟ್ ಇಲ್ಲದೆ ಕೈ ಉಪಕರಣದಲ್ಲೇ ಕೆರೆದು ತುಂಬಿಸಬಹುದಾದ ಗ್ಲಾಸ್ ಅಯನೋಮರ್ ಸಿಮೆಂಟನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಅಂದ್ರೆ ಶಾಲೆ ಜಗಲಿ ಮೇಲೂ ಮಾಡಬಹುದಾದ ಚಿಕಿತ್ಸೆ ಇವು.

ಚೇರು ಮಿಷನ್ನು ಎಲ್ಲಿಂದ ತರ್ತೀರಿ ಅನ್ನೋದಕ್ಕೆ ಈಗ ಉತ್ತರ ಸುಲಭ, ಬೇಡವೇ ಬೇಡ. ಕಣದ ಅಂಚಲ್ಲಿ ಒಂದು ಪ್ಲಾಸ್ಟಿಕ್ ಚೇರು ಹಾಕಿ, ಕೂತವರ ಮುಖ ಬೆಳಕಿಗೆ ಇರೋ ಹಾಗೆ. ತಲೆಗೆ ಕಟ್ಟೋ ಟಾರ್ಚು ಒಂದು, ಐಸ್‌ಕ್ರೀಂ ಕಡ್ಡಿ ತರದ ಅಗಲ ಮರದ ಪಟ್ಟಿ ಒಬ್ಬರಿಗೆ ಎರಡರಂತೆ, ಗಾಜ್ ಬಟ್ಟೆ ತುಂಡು, ಒಬ್ಬರಿಗೊಂದು ಜೊತೆ ಗ್ಲೌಸ್ (ಒಂದೇ ಗ್ಲೌಸಲ್ಲಿ ಹತ್ತು ಬಾಯಿ ನೋಡೋದು ಮಹಾಪರಾಧ, ದಯವಿಟ್ಟು ಇದರಲ್ಲಿ ಉಳಿತಾಯ ಬೇಡ), ಒಂದು ಬಕೆಟ್ ನೀರು, ಉಗಿಯೋಕೆ ಜಾಗ, ಕಸಕ್ಕೆ ಮುಚ್ಚಳ ಇರೋ ಡಬ್ಬ. ಮೊದಲು ಎಲೆ ಉಗಿದು ಬಾಯಿ ಚೆನ್ನಾಗಿ ಮುಕ್ಕಳಿಸಿ ಬರಲಿ, ಇಲ್ಲಾಂದ್ರೆ ಕೆಂಪಲ್ಲಿ ಏನೂ ಕಾಣಲ್ಲ. ಹಲ್ಲುಸೆಟ್ಟು ಇದ್ರೆ ತೆಗೆಸಬೇಕು, ಅದರ ಕೆಳಗೇ ಹುಣ್ಣು ಇರುತ್ತೆ. ತುಟಿ ಮಡಚಿ ನೋಡೋದು, ಎರಡೂ ಕೆನ್ನೆ ಪಟ್ಟಿಯಿಂದ ಎಳೆದು ಕೊನೆ ಹಲ್ಲಿನವರೆಗೂ ನೋಡೋದು, ಎಲೆಯ ಉಂಡೆ ಯಾವ ಕಡೆ ಇಟ್ಕೊಳ್ತೀರಿ ಅಂತ ಕೇಳಿ ಆ ಕಡೆ ಇನ್ನೊಂದು ಸಲ ನೋಡೋದು, ನಾಲಿಗೆಯನ್ನ ಗಾಜ್ ಬಟ್ಟೆಯಲ್ಲಿ ಹಿಡಿದು ಎರಡೂ ಪಕ್ಕ, ಆಮೇಲೆ ನಾಲಿಗೆ ಎತ್ತಿಸಿ ಕೆಳಗೆ, ಬಾಯಿಯ ಅಂಗಳ (ಒಳಗಿನ ಮೇಲ್ಭಾಗ), ಕೊನೆಗೆ ಮೂರು ಬೆರಳು, ಕತ್ತಲ್ಲಿ ಗಂಟು. ಒಬ್ಬರಿಗೆ ಎರಡು ನಿಮಿಷ. ನೂರು ಜನ ಅಂದ್ರೆ ಇನ್ನೂರು ನಿಮಿಷ, ಮೂರು ಗಂಟೆ ಮೇಲಾಯ್ತು, ಹಾಗಾಗಿ ನೋಡೋರು ಇಬ್ಬರಾದ್ರೂ ಬೇಕು, ಬರ್ಕೊಳ್ಳೋಕೆ ಒಬ್ಬರು. ಹೆಂಗಸರಿಗೆ ಪಕ್ಕದಲ್ಲಿ ಒಂದು ಸೀರೆ ಅಡ್ಡ ಕಟ್ಟಿ ಮರೆ ಮಾಡಿ, ಎಲ್ಲರೆದುರು ಬಾಯಿ ಅಗಲಿಸೋಕೆ ಅವರು ನಾಚ್ಕೊಳ್ತಾರೆ, ಮರೆ ಇದ್ರೆ ಬರ್ತಾರೆ.

ನೋಡೋರು ಯಾರು? ವಿರಾಜಪೇಟೆಯಲ್ಲೇ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ಅಂತ ಒಂದು ವಿಭಾಗವೇ ಇರುತ್ತೆ, ಹಳ್ಳಿ, ಶಾಲೆಗಳಿಗೆ ಹೋಗಿ ಕ್ಯಾಂಪ್ ಮಾಡೋದೇ ಅದರ ಮುಖ್ಯ ಕೆಲಸ. ತೋಟದ ಲೆಟರ್‌ಹೆಡ್‌ನಲ್ಲಿ ಜನ ಎಷ್ಟು, ಮಕ್ಕಳು ಎಷ್ಟು, ದಾರಿ ಹೇಗೆ ಅಂತ ಬರೆದು ಒಂದು ತಿಂಗಳು ಮೊದಲೇ ಪತ್ರ ಕೊಡಿ. ಪಿಎಚ್‌ಸಿ ಡಾಕ್ಟರಿಗೂ ಒಂದು ಕಾಪಿ. ತಾಲೂಕು ಆಸ್ಪತ್ರೆ ದಂತ ವೈದ್ಯರನ್ನೂ ಕೇಳಿ ನೋಡಬಹುದು. ಯಾರೂ ಸಿಗದಿದ್ರೂ ಟ್ರೈನಿಂಗ್ ಆಗಿರೋ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅಥವಾ ನರ್ಸಮ್ಮ ಸಾಕು, ಕೇರಳದಲ್ಲಿ ಅದನ್ನೇ ತಾನೇ ತೋರ್ಸಿದ್ದು.

ದಿನ ಆರಿಸೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದ್ರೂ ಒಂದು ಮಾತು. ಜೂನ್ ಆದ ಮೇಲೆ ಮಳೆಗಾಲದಲ್ಲಿ ಬೇಡ, ಬಂದವರಿಗೆ ಮುಂದಿನ ಆಸ್ಪತ್ರೆಗೆ ಹೋಗೋಕೇ ಆಗಲ್ಲ. ಕುಯ್ಲು ಟೈಮಲ್ಲಿ ಜನ ಜಾಸ್ತಿ ಸಿಗ್ತಾರೆ, ಆದ್ರೆ ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ಯೋರನ್ನ ಮಧ್ಯಾಹ್ನ ಕರೆದ್ರೆ ಅವರ ಸಂಬಳಕ್ಕೇ ಕತ್ತರಿ, ಯಾರೂ ಬರಲ್ಲ, ಬರಬೇಕು ಅಂತ ಕೇಳೋದೂ ತಪ್ಪು. ಸಂಜೆ ಹಣ್ಣು ತೂಕಕ್ಕೆ ಸಾಲು ನಿಲ್ತಾರಲ್ಲ, ತೂಕ ಮುಗಿದವರು ಹಾಗೇ ಈ ಕಡೆ ಬರೋ ಹಾಗೆ ಎರಡು ಮೂರು ಸಂಜೆ ಸ್ವಲ್ಪ ಸ್ವಲ್ಪ ಜನರನ್ನ ನೋಡಿದ್ರೂ ಆಗುತ್ತೆ. ಅಸ್ಸಾಂ ಕಡೆಯವರು ಇದ್ರೆ ಅವರಲ್ಲೇ ಹಿಂದಿ ಬರೋ ಒಬ್ಬರನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ್ದು. ಕ್ಯಾಂಪಿನ ದಿನ ಸುಲಭ, ಮಾರನೇ ದಿನ ಕಷ್ಟ. ಮಚ್ಚೆ ಕಂಡವರಿಗೆ ಒಂದು ಚೀಟಿ ಬರೆದುಕೊಟ್ಟು "ದೊಡ್ಡಾಸ್ಪತ್ರೆಗೆ ತೋರ್ಸಿ" ಅಂದ್ರೆ ಆ ಚೀಟಿ ದೇವರ ಫೋಟೋ ಹಿಂದೆ ಸಿಕ್ಕಿಸಿ ಅಲ್ಲೇ ಇರುತ್ತೆ. ಯಾಕೆ ಹೋಗಲ್ಲ ಅಂದ್ರೆ ಒಂದು ದಿನದ ಕೂಲಿ ಹೋಗುತ್ತೆ, ಬಸ್ ಚಾರ್ಜು, ಯಾವ ಬಾಗಿಲಿಗೆ ಹೋಗಬೇಕು ಗೊತ್ತಿಲ್ಲ, ಮತ್ತೆ ಏನು ಹೇಳ್ತಾರೋ ಅನ್ನೋ ಭಯ. ಹಾಗಾಗಿ ಸಾಹೇಬ್ರ ಹತ್ರ ನೀವು ಕೇಳಬೇಕಾದ್ದು ಡೆಂಟಲ್ ಚೇರ್ ಅಲ್ಲ, ತೋಟದ ಜೀಪು ಒಂದು ದಿನ, ಹೋಗೋರಿಗೆ ಅವತ್ತಿನ ಪೂರ್ತಿ ಹಾಜರಿ, ಜೊತೆಗೆ ಒಬ್ಬ ತಿಳಿದವರು. 1951ರ ಪ್ಲಾಂಟೇಶನ್ ಲೇಬರ್ ಆಕ್ಟ್ ಕಾಲದಿಂದ ಕಾರ್ಮಿಕರ ವೈದ್ಯಕೀಯ ಸೌಲಭ್ಯ ತೋಟದ ಜವಾಬ್ದಾರಿ ಅಂತಲೇ ಬಂದಿದೆ, ಸಾಹೇಬ್ರಿಗೆ ಅದು ಗೊತ್ತಿರುತ್ತೆ. ಊತ ಜ್ವರ ಇದ್ದವರು ಅವತ್ತೇ ಹೋಗಬೇಕು. ಮಚ್ಚೆ, ವಾಸಿ ಆಗದ ಹುಣ್ಣು, ಎರಡು ಬೆರಳು, ಕತ್ತಿನ ಗಂಟು ಇದ್ದವರು ಅದೇ ವಾರ. ಹುಳುಕು, ವಸಡು, ಕ್ಲೀನಿಂಗ್ ಇವೆಲ್ಲ ಆಮೇಲೆ ಒಂದೊಂದು ತಂಡವಾಗಿ. ಎರಡು ವಾರ ಬಿಟ್ಟು ನಿಮ್ಮ ಹಾಜರಿ ಪುಸ್ತಕದ ಹಾಗೇ ಆ ಪಟ್ಟಿ ತೆಗೆದು ಯಾರು ಹೋದ್ರು ಯಾರು ಹೋಗಲಿಲ್ಲ ಅಂತ ನೀವೇ ಹೆಸರು ಹಿಡಿದು ಕೇಳಿ. ರೈಟ್ರು ಕೇಳಿದ್ರೆ ಹೋಗ್ತಾರೆ, ಡಾಕ್ಟ್ರು ಹೇಳಿದ್ದಕ್ಕಿಂತ ಜಾಸ್ತಿ ಹೋಗ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ಮಚ್ಚೆ ಕಂಡ ತಕ್ಷಣ "ಕ್ಯಾನ್ಸರ್" ಅನ್ನೋ ಶಬ್ದ ಅಲ್ಲಿ ಯಾರ ಬಾಯಲ್ಲೂ ಬರಬಾರದು. ಬಹಳಷ್ಟು ಬಿಳಿ ಮಚ್ಚೆ ಕ್ಯಾನ್ಸರ್ ಆಗಿರಲ್ಲ, ಚೂಪು ಹಲ್ಲು ಉಜ್ಜಿ ಆದ ಗಾಯನೂ ಇರುತ್ತೆ, ಚೂರು ತೆಗೆದು ಬಯಾಪ್ಸಿ ಮಾಡದೆ ಯಾರೂ ಹೇಳೋಕೆ ಆಗಲ್ಲ. "ಒಂದು ಸಲ ದೊಡ್ಡ ಡಾಕ್ಟ್ರು ನೋಡಲಿ, ಅಲ್ಲಿವರೆಗೆ ಎಲೆ ಹಾಕೋದು ನಿಲ್ಲಿಸಿ" ಇಷ್ಟು ಸಾಕು. ಬಿಡೋಕೆ ಮನಸ್ಸು ಇರೋರಿಗೆ ತಂಬಾಕು ಪ್ಯಾಕೆಟ್ಟಿನ ಮೇಲೇ ಒಂದು ನಂಬರ್ ಇರುತ್ತೆ, 1800-11-2356, ದುಡ್ಡಿಲ್ಲದ ಕಾಲ್, ಬಿಡೋದು ಹೇಗೆ ಅಂತ ಹೇಳಿಕೊಡ್ತಾರೆ. ಓದೋಕೆ ಬರದವರಿಗೆ ನೀವೇ ಡಯಲ್ ಮಾಡಿ ಫೋನ್ ಕೈಗೆ ಕೊಡಿ.

ಮೇಲೆ ಹೇಳಿದ ಮನುಷ್ಯರನ್ನ ಮೈಸೂರಿಗೆ ಕಳಿಸಿದ್ವಿ, ಆಪರೇಷನ್ ಆಯ್ತು, ಅರ್ಧ ದವಡೆ ತೆಗೆದ್ರು, ಒಂದೂವರೆ ವರ್ಷ ಇದ್ದು ಹೋದ್ರು. ಅವರ ಹೆಂಡತಿ ಆಮೇಲೆ ಒಂದು ದಿನ ತಾವಾಗಿಯೇ ಬಂದು ಚೇರಲ್ಲಿ ಕೂತು "ನಂದೂ ನೋಡಿ ಮೇಡಂ" ಅಂತ ಬಾಯಿ ತೆರೆದ್ರು. ಬಲಗಡೆ ಕೆನ್ನೆಯಲ್ಲಿ ಬೆರಳುಗುರಿನಷ್ಟು ಬಿಳಿ ಮಚ್ಚೆ ಇತ್ತು. ಬಯಾಪ್ಸಿ ಮಾಡಿಸಿ ಅಷ್ಟನ್ನೂ ತೆಗೆಸಿದ್ವಿ, ಎಲೆ ಬಿಟ್ಟರು, ಈಗಲೂ ಆರು ತಿಂಗಳಿಗೊಮ್ಮೆ ಸಂತೆ ದಿನ ಚೀಲ ಹಿಡ್ಕೊಂಡೇ ಬಂದು ತೋರ್ಸಿ ಹೋಗ್ತಾರೆ. ನಿಮ್ಮ ಕ್ಯಾಂಪಿನ ದಿನ ಗೊತ್ತಾದ ಕೂಡಲೇ ತಿಳಿಸಿ, ರಜೆ ಹಾಕಿ ನಾನೂ ಬರ್ತೀನಿ, ಟಾರ್ಚ್ ನಂದೇ ತರ್ತೀನಿ.